ಭಾವನ ಒರಿಜಿನಲ್ ಪೇಸ್ ಕಾರು

ಚೆನ್ನಾಗಿ ಬಳಿದ ಬಣ್ಣವನ್ನು ದುಡ್ಡು ಕೊಟ್ಟು ಕೆಡಿಸಿಕೊಂಡ ಮನುಷ್ಯ ಪ್ರಪಂಚದಲ್ಲಿ ಒಬ್ಬರೇ ಇದ್ದಾರು. ಅವರು ನನ್ನ ಅಕ್ಕನ ಗಂಡ!

ಭಾವ ಹುಬ್ಬಳ್ಳಿಯವರು, ಬರ್ಮಿಂಗ್‌ಹ್ಯಾಮಿನಲ್ಲಿ ಹಲ್ಲಿನ ಡಾಕ್ಟರು. ಬೇರೆಯವರ ಬಾಯಿ ತೆರೆಸುವುದು ಕಸುಬು. ಮನೆಯಲ್ಲಿ ಅವರ ಬಾಯಿಯೇ ಮುಚ್ಚುತ್ತಿರಲಿಲ್ಲ. ಮಾತೆಲ್ಲ ಕಾರಿನದು. ಎರಡು ಸಾವಿರದ ಇಸವಿ ದಾಟಿದ ಹೊಸತು. ಎಜ್‌ಬಾಸ್ಟನ್ನಿನ ಅವರ ಮನೆಯಲ್ಲಿ ಬಿಟ್ಟಿ ಊಟ ಮಾಡಿಕೊಂಡಿದ್ದ ಸಾಫ್ಟ್‌ವೇರ್ ಭಾವಮೈದುನ ನಾನು. ಕೇಳದೆ ಎಲ್ಲಿಗೆ ಹೋಗಲಿ?

ಕಾರು ಅಮೆರಿಕದಿಂದ ಹಡಗಿನಲ್ಲಿ ಬಂದ ಹಳೆಯ ಪೇಸ್ ಕಾರು. ರೇಸಿನಲ್ಲಿ ಎಲ್ಲ ಕಾರುಗಳ ಮುಂದೆ ಹೋಗುತ್ತದಲ್ಲ, ಯಾರೂ ಹಿಂದಿಕ್ಕಬಾರದು ಅಂತ ನಿಯಮವಿರುವ ಕಾರು, ಅದು. ತೆರೆದ ಮಾಡು, ಬಿಳಿ ಮೈಗೆ ಕಿತ್ತಳೆ ಪಟ್ಟೆ, ಚೌಕಳಿ ಬಟ್ಟೆಯ ಸೀಟು. ತುಕ್ಕು ಹಿಡಿದು ಬಂದದ್ದನ್ನು ಭಾವ ವರ್ಷಗಟ್ಟಲೆ ಕೂತು ಸರಿಮಾಡಿಸಿದರು. ಗ್ಯಾರೇಜು ಅದಕ್ಕೇ ಮೀಸಲು; ಅಷ್ಟೂ ಕಾಲ ಅಕ್ಕನ ಕಾರು ಮಳೆಯಲ್ಲಿ ನಿಂತಿತ್ತು.

ಬಣ್ಣದವನು ಕನ್ನಡಿಯ ಹಾಗೆ ಬಳಿದುಕೊಟ್ಟ. ಭಾವ ಕಾರಿನಡಿಗೆ ತೂರಿ, ಎದ್ದು, ಇದು ಸರಿಯಿಲ್ಲ ಅಂದರು. ಆ ಕಾಲದ ಫ್ಯಾಕ್ಟರಿಯವರು ಅವಸರದಲ್ಲಿ ಬಳಿದಾಗ ಅಡಿಯಲ್ಲಿ ಬಣ್ಣ ಸೋರಿತ್ತಂತೆ. ಒರಿಜಿನಲ್ ಆಗಬೇಕಾದರೆ ಇಲ್ಲೂ ಸೋರಬೇಕು! ಅವನು ಅಳುಮುಖ ಮಾಡಿಕೊಂಡು ಸೋರಿಸಿದ. ಆಮೇಲೆ ಯಾರ ಹತ್ತಿರವೂ ತನ್ನ ಹೆಸರು ಹೇಳಬೇಡಿ ಎಂದು ಬೇಡಿಕೊಂಡ.

ಸ್ಟೀರಿಂಗ್ ಎಡಗಡೆ. ಇಂಗ್ಲೆಂಡಿನ ಕಾರ್ ಪಾರ್ಕಿನಲ್ಲಿ ಟಿಕೆಟ್ ಕೊಡುವ ಮೆಷಿನ್ ಬಲಗಡೆ. ಹಾಗಾಗಿ ಭಾವ ಎಲ್ಲಿಗೆ ಹೊರಟರೂ ಕೈಚಾಚುವುದಕ್ಕೆ ಪಕ್ಕದಲ್ಲಿ ಅಕ್ಕ ಬೇಕೇ ಬೇಕು. ರಸ್ತೆಯಲ್ಲಿ ಅವರದು ಆನೆಯ ನಡಿಗೆ. ಬೆನ್ನಿಗೆ ಅರ್ಧ ಊರು. ಸ್ವಲ್ಪ ಬೇಗ ಹೋಗೋಣ ಅಂದರೆ, ಪೇಸ್ ಕಾರಿಗೆ ಅವಸರ ಶೋಭಿಸುವುದಿಲ್ಲ ಅನ್ನುತ್ತಿದ್ದರು.

ಕೊನೆಗೆ ಲೀಡ್ಸ್ ಹತ್ತಿರ ಹಳೆಯ ಕಾರುಗಳ ಪ್ರದರ್ಶನ ಬಂತು. ಒರಿಜಿನಲ್ ಕಾರಿಗೆ ಬಹುಮಾನ. ಭಾವ ಹಿಂದಿನ ವಾರವೆಲ್ಲ ನಿದ್ದೆ ಮಾಡಿರಲಿಲ್ಲ. ತೀರ್ಪುಗಾರರು ಬಿಳಿ ಮೀಸೆಯ ಅಜ್ಜ. ಅಡಿಗೆ ಬಗ್ಗಿ ಸೋರಿದ ಬಣ್ಣ ನೋಡಿ ಟೋಪಿ ತೆಗೆದರು. ಬಹುಮಾನ ಬಂದ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಅವರು ಅಕ್ಕ ಕೂರುವ ಸೀಟನ್ನು ಒತ್ತಿ ನೋಡಿ ಹುಬ್ಬು ಗಂಟಿಕ್ಕಿದರು. ಬಟ್ಟೆ ಹಳೆಯದೇ, ಆದರೆ ಒಳಗೆ ಸ್ಪ್ರಿಂಗ್ ಇಲ್ಲ, ಹೊಸ ಫೋಮ್ ಇದೆ. ಯಾರು ಹಾಕಿದ್ದು ಎಂದು ಕೇಳಿದರು. ಭಾವ ತಾವೇ ಎಂದರು. ಬಹುಮಾನ ಪಕ್ಕದ ಕಾರಿಗೆ ಹೋಯಿತು.

ಅಕ್ಕ ಚಹಾ ತರಲು ಹೋಗಿದ್ದಳು. ನನಗೆ ತಡೆಯಲಾಗಲಿಲ್ಲ. "ಸೋರಿದ ಬಣ್ಣಾನೂ ಬಿಡಲಿಲ್ಲ ನೀವು. ಸೀಟು ಯಾಕೆ ಬದಲಾಯಿಸಿದ್ರಿ ಭಾವ?"

"ಹಳೇ ಸ್ಪ್ರಿಂಗಿಗೆ ಆಕಿ ಬೆನ್ನು ನೋಯ್ತಿತ್ತು," ಅಂದರು. "ಆಕಿಗೆ ಹೇಳಬ್ಯಾಡ. ಗೊತ್ತಾದ್ರ ಮತ್ತ ಅದನ್ನ ಹಾಕ್ಸಂತ ಗಂಟು ಬೀಳ್ತಾಳ."

ವಾಪಸು ಬರುವಾಗ ಬಹುಮಾನ ತಪ್ಪಿದ್ದಕ್ಕೆ ಅಕ್ಕ ಗಂಡನನ್ನು ಸಮಾಧಾನ ಮಾಡುತ್ತಲೇ ಇದ್ದಳು. ಷೆಫೀಲ್ಡ್ ದಾಟುವಷ್ಟರಲ್ಲಿ ಮಾತು ನಿಂತಿತು. ಹಿಂದಿನ ಸೀಟಿನಿಂದ ನಾನು ಏನೋ ಹೇಳಲು ಬಾಯಿ ತೆರೆದೆ.

ಭಾವ ತುಟಿಗೆ ಬೆರಳಿಟ್ಟರು. "ಮಲಗ್ಯಾಳ," ಅಂದರು.