ಬಜ್ಜಿ ತಟ್ಟೆ ಖಾಲಿಯಾದರೆ ಬೆಲ್

ಚನ್ನಗಿರಿ ಕೋಟೆಯ ಕೆಳಗೆ, ಹಳೇ ಪೇಟೆಯಲ್ಲಿ ಒಂದು ಹಳೇ ಟಾಕೀಸಿದೆ. ಅಲ್ಲಿ ಟಿಕೆಟ್ ಕೊಡುವವನು ನಾನು. ಗೇಟಿನವನು ಕೆಲಸ ಬಿಟ್ಟ ಮೇಲೆ ಬೆಲ್ ಹೊಡೆಯುವವನೂ ನಾನೇ. ಕಿಂಡಿಗೆ ಬಂದವರು ಟಿಕೆಟ್ ತಗೊಂಡು ಸುಮ್ಮನೆ ಒಳಗೆ ಹೋಗುವುದಿಲ್ಲ. "ಇಲ್ಲಿ ಊಟ ಎಲ್ಲಿ ಚೆನ್ನಾಗಿರ್ತೈತ್ರಿ?" ಎಂದು ಕೇಳಿಯೇ ಕೇಳುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿಂದ.

ಬೀದಿಯ ತುದಿಯಲ್ಲಿ ಒಬ್ಬ ಅಜ್ಜಿಯ ಖಾನಾವಳಿ ಇದೆ. ಅಲ್ಲಿ ರೊಟ್ಟಿ, ಎಣ್ಣೆಗಾಯಿ ತಿಂದವರು ಬೇರೆ ಕಡೆ ಹೋಗುವುದಿಲ್ಲ. ಟಾಕೀಸಿನ ಎದುರಿಗಿರುವುದು ನನ್ನ ಬಾಮೈದನ ಹೋಟೆಲ್. ಅಲ್ಲಿ ತಿಂದವರೂ ಬೇರೆ ಕಡೆ ಹೋಗುವುದಿಲ್ಲ, ಏಳುವುದಕ್ಕೇ ಆಗುವುದಿಲ್ಲ.

ನನ್ನ ಹೆಂಡತಿ ಜಗಳವಾಡುವವಳಲ್ಲ. ನಾನು ಯಾರನ್ನಾದರೂ ಅಜ್ಜಿಯಲ್ಲಿಗೆ ಕಳಿಸಿದ ಸುದ್ದಿ ಮುಟ್ಟಿದರೆ, ಮರುದಿನ ಮಧ್ಯಾಹ್ನದ ಡಬ್ಬಿ ಮನೆಯಿಂದ ಬರುವುದಿಲ್ಲ, ಅವಳ ತಮ್ಮನ ಹೋಟೆಲಿನಿಂದ ಬರುತ್ತದೆ. ಹೀಗಾಗಿ ನನ್ನ ಕೆಲಸ ಟಿಕೆಟ್ ಕೊಡುವುದಕ್ಕಿಂತ ಹೆಚ್ಚಾಗಿ ಡಬ್ಬಿ ಕಾಯುವುದು.

ಉಬ್ರಾಣಿಯ ಜೋಡಿ

ಉಬ್ರಾಣಿ ಕಡೆಯ ಹೊಸ ಜೋಡಿ. ಗಂಡ ಊಟದ ಪ್ರಶ್ನೆ ಕೇಳಿದ. ಬಾಮೈದ ಬಾಗಿಲಲ್ಲೇ ನಿಂತು ಕಿವಿ ಇತ್ತ ಕೊಟ್ಟಿದ್ದ. "ಎದುರಿಗೇ ಐತಲ್ಲಪ್ಪ" ಎಂದೆ.

ಅರ್ಧ ಗಂಟೆಗೆ ಗಂಡ ಒಬ್ಬನೇ ವಾಪಸು ಬಂದ. ಬೈಯುತ್ತಾನೆ ಎಂದುಕೊಂಡೆ. ಬಹಳ ನಯವಾಗಿ ಕೇಳಿದ: "ಯಾರು ಬಂದು ಕೇಳಿದ್ರೂ ಇದನ್ನೇ ಹೇಳ್ತೀರೇನ್ರಿ?"

"ಹೂಂ ಕಣಪ್ಪ."

"ನಾಳೆ ನಮ್ಮ ದೊಡ್ಡಪ್ಪ ಪಿಚ್ಚರ್‌ಗೆ ಬರ್ತಾರೆ. ಮರೀದಂಗೆ ಹೇಳ್ರಿ. ನಮಗೂ ಅವ್ರಿಗೂ ಜಮೀನಿನ ಕೇಸು ನಡೀತೈತೆ."

ಸವಳಂಗದ ಮೇಷ್ಟ್ರು

ಆಮೇಲೆ ಒಂದು ಉಪಾಯ ಮಾಡಿದೆ. ಬಾಯಲ್ಲಿ ಎದುರಿನ ಹೋಟೆಲ್ ಹೇಳುವುದು, ಕಿಂಡಿಯ ಒಳಗಿನಿಂದ ಕಿರುಬೆರಳನ್ನು ಅಜ್ಜಿಯ ಖಾನಾವಳಿ ಕಡೆ ತಿರುಗಿಸುವುದು. ಜಾಣರಿಗೆ ಅಷ್ಟು ಸಾಕು. ಒಂದು ತಿಂಗಳು ಚೆನ್ನಾಗಿಯೇ ನಡೆಯಿತು.

ಒಂದು ಭಾನುವಾರ ಸವಳಂಗದಿಂದ ನಿವೃತ್ತ ಮೇಷ್ಟ್ರೊಬ್ಬರು ಬಂದರು. ನಾನು ಬಾಯಿ, ಬೆರಳು ಎರಡನ್ನೂ ಆಡಿಸಿದೆ. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ತರಗತಿಗೆ ಕೇಳುವ ದನಿಯಲ್ಲಿ ಹೇಳಿದರು: "ಬಾಯಿ ಆ ಹೋಟ್ಲು ಅಂತೈತೆ, ಬೆರಳು ಈ ಖಾನಾವಳಿ ಅಂತೈತೆ. ಎರಡರಲ್ಲಿ ಸರಿಯಾದ ಉತ್ತರ ಯಾವುದ್ರೀ?"

ಅವರ ಹಿಂದೆ ನಿಂತಿದ್ದವನು, ನನಗೆ ಚಹಾ ತಂದಿದ್ದ ಬಾಮೈದ. "ಹೇಳು ಭಾವ, ನಾನೂ ಕೇಳ್ತೀನಿ" ಎಂದ.

ಮರುದಿನ ಡಬ್ಬಿ ಬೋರಲು ಹಾಕಿದೆ. ಉಪ್ಪಿಟ್ಟು ಡಬ್ಬಿಯ ಆಕಾರದಲ್ಲೇ ಈಚೆ ಬಂದು ನಿಂತಿತು.

ಸೊಕ್ಕೆಯ ಅಕ್ಕ

ನಮ್ಮ ಟಾಕೀಸಿನಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿದೆ. ಇಂಟರ್‌ವಲ್‌ನಲ್ಲಿ ಎದುರಿನ ಹೋಟೆಲಿನವರು ಬಜ್ಜಿ ತಟ್ಟೆ ಇಡುತ್ತಾರೆ. ತಟ್ಟೆ ಖಾಲಿಯಾದ ಮೇಲೇ ಬೆಲ್. ಬೇರೆಯವರು ಹೋಟೆಲ್ ನಡೆಸುತ್ತಿದ್ದ ಕಾಲದಲ್ಲಿ ಐದು ನಿಮಿಷಕ್ಕೇ ಬೆಲ್ ಹೊಡೆಯುತ್ತಿದ್ದರಂತೆ. ಬಾಮೈದ ಬಂದ ಮೇಲೆ ಇಂಟರ್‌ವಲ್ ಪಿಚ್ಚರಿನಷ್ಟೇ ಉದ್ದವಾಗಿದೆ. ಒಬ್ಬರು ಆ ಹೊತ್ತಿನಲ್ಲಿ ಕ್ಷೌರ ಮಾಡಿಸಿಕೊಂಡೇ ಬಂದರು. ಗೇಟಿನಲ್ಲಿ ನನಗೆ ಗುರುತೇ ಸಿಗಲಿಲ್ಲ.

ಮೊನ್ನೆ ಮದುವೆಗೆಂದು ಜಗಳೂರಿನ ಸೊಕ್ಕೆಯಿಂದ ಬಂದ ಹತ್ತಿಪ್ಪತ್ತು ಜನ ಮ್ಯಾಟಿನಿಗೆ ಬಂದರು. ನಾಯಕಿಯನ್ನು ಕಳ್ಳರು ಹೊತ್ತುಕೊಂಡು ಹೋಗುವಾಗಲೇ ಇಂಟರ್‌ವಲ್. ಅರ್ಧ ಗಂಟೆಯಾದರೂ ತಟ್ಟೆಯ ಬಜ್ಜಿ ಕದಲಲಿಲ್ಲ. ಅವರ ಪೈಕಿ ಹಿರಿಯ ಅಕ್ಕ ಒಬ್ಬಳು ನನ್ನ ಹತ್ತಿರ ಬಂದಳು.

"ಅಣ್ಣಾ, ನಮಗೆ ಬಸ್ ಐತೆ. ಬೆಲ್ ಯಾವಾಗ ಹೊಡೀತೀರಿ?"

ನಿಜ ಹೇಳಿದೆ. "ಆ ತಟ್ಟೆ ಖಾಲಿ ಆಗ್ಬೇಕಮ್ಮ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಜನರ ಕಡೆ ತಿರುಗಿದಳು. "ಏನ್ ನೋಡ್ತೀರಿ? ಅಲ್ಲಿ ಆ ಹುಡುಗಿ ಕಳ್ಳರ ಕೈಯಾಗ ಸಿಕ್ಕೊಂಡೈತೆ! ತಲೆಗೆ ಎರಡೆರಡು ತಗಳ್ರಿ!"

ಇಡೀ ಟಾಕೀಸು ಮುಗಿಬಿತ್ತು. ಕಣ್ಣು ಮುಚ್ಚಿಕೊಂಡು ನುಂಗಿದವರಿದ್ದರು. ತಟ್ಟೆ ಖಾಲಿಯಾಯಿತು. ಜನ್ಮದಲ್ಲಿ ಇಂಥ ವ್ಯಾಪಾರ ಕಾಣದ ಬಾಮೈದ ಉಬ್ಬಿಹೋಗಿ, ಓಡಿ ಹೋಗಿ ಎರಡನೇ ಸಲಕ್ಕೆ ಎಣ್ಣೆಗೆ ಹಿಟ್ಟು ಬಿಡಲು ಹೊರಟ. ಅಕ್ಕ ಬೆನ್ನಟ್ಟಿ ಹೋಗಿ ಒಲೆ ಆರಿಸಿ, ಅವನ ಕೈಯ ಜಾಲರಿ ಸೌಟು ಕಿತ್ತುಕೊಂಡು, ಅದನ್ನೇ ನನ್ನತ್ತ ತೋರಿಸಿ ಕೂಗಿದಳು: "ಹೊಡೀ ಅಣ್ಣಾ ಬೆಲ್ಲು!"

ಹೊಡೆದೆ. ನಾಯಕಿ ಬಚಾವಾದಳು, ಇವರಿಗೆ ಬಸ್ಸೂ ಸಿಕ್ಕಿತು. ಬಾಮೈದ ಆ ಸಂಜೆ ನನ್ನ ಹೆಂಡತಿಗೆ ಹೇಳಲು ನಮ್ಮ ಮನೆಗೇ ಬಂದ. ಒಲೆ ಆರಿಸಿದ್ದನ್ನು ಮಾತ್ರ ಬಿಟ್ಟು ಉಳಿದದ್ದೆಲ್ಲ ಹೇಳಿದ. ಬೆಲ್ ಹೊಡೆಯುವವನು ನಾನೇ ಆದ್ದರಿಂದ ನನ್ನ ಬಗ್ಗೆಯೂ ಒಳ್ಳೇ ಮಾತು ಬಂತು. ಇನ್ನು ಡಬ್ಬಿಗೆ ಭಯವಿಲ್ಲ ಎಂದು ನಾನು ಗೋಡೆಗೆ ಒರಗಿ ಕೂತೆ.

ಹೆಂಡತಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ರೀ, ಜಗಳೂರಿನಿಂದ ಬಂದೋರು ಮುಗಿಬಿದ್ದು ತಿಂತಾರೆ. ಹೋಟ್ಲು ಎದುರಿಗಿದ್ದೂ ನಿಮಗೆ ಮಾತ್ರ ನಾನು ತಣ್ಣಗಿನ ಡಬ್ಬಿ ಕಳಿಸ್ತಾ ಇದ್ದೆನಲ್ಲ, ನನಗೇ ಬೇಜಾರಾಯ್ತು. ನಾಳೆಯಿಂದ ದಿನಾ ಅಲ್ಲೇ ಬಿಸಿಬಿಸಿಯಾಗಿ ಉಣ್ರಿ. ತಮ್ಮಂಗೆ ಹೇಳೀನಿ."

ಈಗ ಕಿಂಡಿಗೆ ಬಂದವರು "ನೀವೆಲ್ಲಿ ಉಣ್ತೀರಿ?" ಎಂದರೆ, ಸುಳ್ಳಿನ ಹಂಗಿಲ್ಲದೆ ಎದುರಿಗೆ ಕೈ ತೋರಿಸುತ್ತೇನೆ. ಅವರು ನನ್ನ ಮುಖ ನೋಡಿ, ಸೀದಾ ಅಜ್ಜಿಯ ಖಾನಾವಳಿಗೆ ಹೋಗುತ್ತಾರೆ.