ಅತ್ತೆಯ ಕೊಬ್ಬರಿ ವಿಮಾನ ಹತ್ತಿದ ಬಗೆ

ನಮ್ಮ ಅತ್ತೆಯನ್ನು ತಪಾಸಣೆ ಮಾಡಿ ಗೆದ್ದವರು ಇನ್ನೂ ಹುಟ್ಟಿಲ್ಲ! ಇದನ್ನು ನಾನು ಅಭಿಮಾನದಿಂದ ಹೇಳುತ್ತಿದ್ದೇನೆಯೋ ಹೆದರಿಕೆಯಿಂದ ಹೇಳುತ್ತಿದ್ದೇನೆಯೋ ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ. ಅತ್ತೆ ಎಂದರೆ ಹೆಣ್ಣು ಕೊಟ್ಟ ಅತ್ತೆಯಲ್ಲ, ನನ್ನ ಅಪ್ಪನ ಅಕ್ಕ. ಭಾಲ್ಕಿ ತಾಲೂಕಿನ ಮೆಹಕರದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಅವಳ ಮನೆ. ಮಾವ ಕುರಿಗಳ ಹಿಂದೆ ಹೋದರೆ ಹೊತ್ತು ಮುಳುಗುವ ತನಕ ಬರುವವನಲ್ಲ. ಹೀಗಾಗಿ ಊರಿಗೆ ಬರುವವರನ್ನೂ ಊರು ಬಿಡುವವರನ್ನೂ ವಿಚಾರಿಸಿಕೊಳ್ಳುವ ಇಲಾಖೆಯನ್ನು ಅತ್ತೆ ತಾನಾಗಿಯೇ ವಹಿಸಿಕೊಂಡಿದ್ದಳು. ಯಾರೂ ಕೊಟ್ಟ ಹುದ್ದೆಯಲ್ಲವಾದ್ದರಿಂದ ಯಾರೂ ಕಿತ್ತುಕೊಳ್ಳುವಂತೆಯೂ ಇರಲಿಲ್ಲ.

ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿಯನ್ನು ಕರೆದುಕೊಂಡು ಮೆಹಕರಕ್ಕೆ ಹೋಗಿದ್ದೆ. ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಅವಳ ಸೂಟ್‌ಕೇಸು ಅಂಗಳದ ಹೊರಸಿನ ಮೇಲೆ ಬಾಯಿ ತೆರೆದು ಮಲಗಿತ್ತು. ಅತ್ತೆ ಒಂದು ಕ್ರೀಮಿನ ಡಬ್ಬಿಯನ್ನು ಮೂಸಿ ನೋಡುತ್ತಿದ್ದಳು.

“ಇದು ಎದಕ್ಕ?”

“ಮುಖ ಬೆಳ್ಳಗ ಆಗ್ಲಿಕ್ಕ್ರಿ,” ಎಂದಳು ನನ್ನ ಹೆಂಡತಿ, ತಲೆ ತಗ್ಗಿಸಿ.

“ಎಷ್ಟು ದಿನ ಆತು ಹಚ್ಚಾಕ ಹತ್ತಿ?”

“ಎರಡು ವರ್ಷ ಆತ್ರಿ.”

ಅತ್ತೆ ಹೊಸ ಸೊಸೆಯ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು. “ಅಂಗಡಿಯವಗ ವಾಪಸ್ ಕೊಡು,” ಎಂದಳು. ನನ್ನ ಹೆಂಡತಿ ಬೀದರಿನ ನಮ್ಮ ಮನೆಗೆ ಬಂದ ಮೇಲೂ ಒಂದು ವಾರ ಕನ್ನಡಿ ನೋಡಲಿಲ್ಲ.

ಮಳೆ ಮೇಲಿಂದ ಮೇಲೆ ಕೈಕೊಟ್ಟ ಆ ವರ್ಷಗಳಲ್ಲಿ ಅತ್ತೆಯ ಇಲಾಖೆಗೆ ಕೆಲಸ ಹೆಚ್ಚಾಯಿತು. ಪುಣೆ, ಮುಂಬಯಿ, ಹೈದರಾಬಾದು ಎಂದು ದುಡಿಯಲು ಹೊರಟವರೆಲ್ಲ ಬಸ್ಸಿಗೆ ಕಾಯುತ್ತ ಅವಳ ಮನೆಯ ಕಟ್ಟೆಯ ಮೇಲೇ ಕೂಡಬೇಕಲ್ಲ? ಒಬ್ಬೊಬ್ಬರ ಗಂಟನ್ನೂ ಬಿಚ್ಚಿಸುತ್ತಿದ್ದಳು. “ಖಾರಪುಡಿ ಎಲ್ಲದ? ಅಲ್ಲಿ ಖಾರ ಅಂತ ಹೇಳಿ ಬರೇ ಬಣ್ಣ ಮಾರ್ತಾರ.” “ಕೂಸಿಗಿ ಕುಲಾಯಿ ಎಲ್ಲಿ? ಅಲ್ಲಿ ಥಂಡಿ ಇರ್ತದ, ಅಕಲ್ ಅದ ಇಲ್ಲ ನಿನಗ?” ಗಂಟಿನಲ್ಲಿ ಏನಿಲ್ಲವೋ ಅದನ್ನು ಒಳಗಿನಿಂದ ತಂದು ತುರುಕುತ್ತಿದ್ದಳು. ಬಸ್ಸಿನವನು ಹಾರ್ನು ಹೊಡೆದರೆ ಕಟ್ಟೆಯ ಮೇಲಿನಿಂದಲೇ “ಜರಾ ತಡಿಯಪ್ಪ, ಚೆಕಿಂಗ್ ನಡದದ,” ಎನ್ನುವಳು. ಅವನು ಇಂಜಿನ್ ಆರಿಸಿ ಬೀಡಿ ಹಚ್ಚುತ್ತಿದ್ದ. ಅವನ ಊಟದ ಡಬ್ಬಿಯೂ ಒಂದು ಸಲ ಅವಳ ಕೈಯಲ್ಲಿ ತಪಾಸಣೆಗೆ ಒಳಗಾಗಿತ್ತಂತೆ.

ಇಂಥ ಅತ್ತೆಯನ್ನು ನಾನು ವಿಮಾನ ಹತ್ತಿಸಬೇಕಾಗಿ ಬಂತು.

ಅತ್ತೆಗೆ ಒಬ್ಬಳೇ ಮಗಳು, ಸುವರ್ಣ. ಔರಾದ ತಾಲೂಕಿನ ಚಿಂತಾಕಿಗೆ ಕೊಟ್ಟಿದ್ದರು. ಮೊದಲ ವರ್ಷ ಮಳೆ ಹೋದಾಗ ಅವಳೂ ಅವಳ ಗಂಡನೂ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋದರು. ಆಗ ಅವಳು ಬಸುರಿ. ನಮ್ಮ ಕಡೆ ಬಸುರಿಯಾದ ಮಗಳಿಗೆ ತವರಿನವರು ಸೀರೆ, ಕುಬಸ ತಂದು ಉಡಿ ತುಂಬುತ್ತಾರೆ. ಕುಬಸ ಎಂದರೆ ರವಿಕೆ, ಅದಕ್ಕೇ ಆ ಶಾಸ್ತ್ರಕ್ಕೂ ಅದೇ ಹೆಸರು. ಆ ವರ್ಷದ ಗದ್ದಲದಲ್ಲಿ ಕುಬಸ ಆಗಲಿಲ್ಲ. ಕೂಸು ಉಳಿಯಲಿಲ್ಲ. ಇವೆರಡಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು, ನಾನೂ ಹೇಳಿದೆ. ಅತ್ತೆ ಹೂಂ ಅಂದಳು, ನಂಬಲಿಲ್ಲ.

ಆಮೇಲೆ ಗಂಡ ಹೆಂಡತಿ ಬೆಂಗಳೂರು ಸೇರಿದರು. ಕುಡಿಯಲು ನೀರಿಲ್ಲದ ಊರಿನಿಂದ ಹೋದ ನಮ್ಮ ಅಳಿಯ ಅಲ್ಲಿ ನೀರಿನ ಟ್ಯಾಂಕರು ಓಡಿಸುತ್ತಾನೆ! ಸುವರ್ಣ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಈಗ ಮತ್ತೆ ಅವಳಿಗೆ ಏಳು ತಿಂಗಳು ನಡೆಯುತ್ತಿತ್ತು. ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಬರುವ ಹಾಗಿರಲಿಲ್ಲ. ನಾನೇ ಬರ್ತೇನಿ ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಸುವರ್ಣ ಅಂದಳು: “ಕುಬಸ ಬ್ಯಾಡವ್ವ. ಕೂಸು ಕೈಗಿ ಬಂದ ಮ್ಯಾಲ ಏನರ ಮಾಡು. ಈಗ ಏನೂ ತರಬ್ಯಾಡ.”

ಅತ್ತೆ ಫೋನು ಇಟ್ಟಳು. ಆಮೇಲೆ ನನ್ನನ್ನು ನೋಡಿ, “ಆಕಿ ಅಂಜ್ಯಾಳ,” ಎಂದಳು. “ಬ್ಯಾಡ ಅಂತಾಳಲ್ಲ, ಅದು ಅಂಜಿಕಿ. ನಾ ಹೋಗ್ತೇನಿ.”

ಹೋಗುವುದೇನೋ ಸರಿ, ಉಡಿಗೆ ಐದು ಮನೆಯ ಮುತ್ತೈದೆಯರು ಬೇಕಲ್ಲ? ಮೆಹಕರದಲ್ಲಿ ಅವಳಿಗೆ ಬೇಕಾದ ಮನೆಗಳಿಗೆಲ್ಲ ಬೀಗ. ಎಲ್ಲರೂ ಅವಳ ಕಟ್ಟೆಯ ಮೇಲೆ ಚೆಕಿಂಗ್ ಮುಗಿಸಿಕೊಂಡೇ ಹೋದವರು. ಊರಿನಲ್ಲಿ ಸಿಕ್ಕ ಇಬ್ಬರ ಕೈಯಿಂದ ಉಡಿ ಹಾಕಿಸಿಕೊಂಡಳು. ಚಿಂತಾಕಿಗೆ ಹೋಗಿ ಸುವರ್ಣಳ ಗಂಡನ ಮನೆಯ ಓಣಿಯಲ್ಲಿ ಒಬ್ಬಾಕೆಯನ್ನು ಹುಡುಕಿದಳು. ಅಲ್ಲಿಂದ ಜನವಾಡಕ್ಕೆ ಬಂದು ದೂರದ ಬೀಗಿತ್ತಿಯೊಬ್ಬಳನ್ನು ಹೊಲದಿಂದ ಕರೆಸಿದಳು. ಕೊನೆಗೆ ಬೀದರಿನಲ್ಲಿ ನನ್ನ ಹೆಂಡತಿ. ಒಬ್ಬೊಬ್ಬರೂ ಅಕ್ಕಿ, ಅರಿಶಿಣದ ಬೇರು, ಉತ್ತತ್ತಿ, ಜೊತೆಗೆ ಒಂದೊಂದು ಒಣಕೊಬ್ಬರಿ ಬಟ್ಟಲು ಹಾಕಿದರು. ಮಡಿಲಿನಿಂದ ಮಡಿಲಿಗೇ ಹೋಗಬೇಕು, ನೆಲಕ್ಕೆ ಇಡಬಾರದು, ಚೀಲಕ್ಕೆ ಹಾಕಬಾರದು ಎಂಬುದು ಅತ್ತೆಯ ಕಾನೂನು. ಎಲ್ಲವನ್ನೂ ಸೆರಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಂಡಿದ್ದಳು. ಯಾರಾದರೂ ನೋಡಿದರೆ ಕುಬಸ ಇವಳದೇ ಅನ್ನಬೇಕು!

ಕುಬಸಕ್ಕೆ ನೋಡಿಟ್ಟ ಒಳ್ಳೆಯ ದಿನ ಮರುದಿನವೇ ಇತ್ತು. ಬೆಂಗಳೂರಿನ ರೈಲಿನಲ್ಲಿ ಕಾಲಿಡಲು ಜಾಗವಿಲ್ಲ, ಅಷ್ಟು ಮಂದಿ ಊರು ಬಿಡುತ್ತಿದ್ದರು. ಬೇರೆ ದಾರಿ ಕಾಣದೆ ಬೀದರಿನಿಂದ ವಿಮಾನದ ಟಿಕೆಟು ತೆಗೆಸಿದೆ. ಏನೇನು ಒಯ್ಯಬಾರದು ಎಂದು ಅತ್ತೆಗೆ ಪಾಠ ಹೇಳಲು ಕೂತೆ. ಕುಡಗೋಲು ಬ್ಯಾಡ ಅತ್ತಿ, ಅಡಕತ್ತರಿ ಬ್ಯಾಡ, ಕಡ್ಡಿಪೆಟ್ಟಿಗಿ ಬ್ಯಾಡ, ಉಪ್ಪಿನಕಾಯಿ ಎಣ್ಣಿ ಬ್ಯಾಡ.

“ಮತ್ತ ಬರಿಗೈಲೆ ಹೋಗಾಕ ನಾ ಏನು ಸಾಹೇಬಳೇನು?” ಎಂದಳು ಅತ್ತೆ.

ಕೊಬ್ಬರಿಯ ಮಾತು ನನಗೆ ಹೊಳೆಯಲೇ ಇಲ್ಲ. ಕೊಬ್ಬರಿಯನ್ನು ಅನುಮಾನಿಸಬೇಕು ಎಂದು ಯಾರಿಗೆ ತಾನೇ ಹೊಳೆದೀತು ಹೇಳಿ?

ನಿಲ್ದಾಣದ ಬಾಗಿಲಲ್ಲೇ ಮೊದಲ ಗಂಡಾಂತರ. ಬಂದೂಕಿನ ಜವಾನ ಗುರುತಿನ ಚೀಟಿ ಕೇಳಿದ. ಅತ್ತೆ ತನ್ನದನ್ನು ಕೊಟ್ಟು, ಅವನ ಕೊರಳಲ್ಲಿ ತೂಗುತ್ತಿದ್ದ ಕಾರ್ಡನ್ನು ಎಳೆದುಕೊಂಡು ಫೋಟೋವನ್ನೂ ಅವನ ಮುಖವನ್ನೂ ಸಾವಕಾಶವಾಗಿ ಹೋಲಿಸಿ ನೋಡಿದಳು. “ಬೇಟಾ, ಫೋಟೂ ಮೇ ಅಚ್ಛಾ ಥಾ. ಅಬ್ ಸೂಕ್ ಗಯಾ. ಖಾನಾ ಬರಾಬರ್ ನಕ್ಕೋ ಕ್ಯಾ?” ಎಂದು, ಅವನು ಒಣಗಿಹೋಗಿದ್ದು ಊಟ ಸರಿಯಿಲ್ಲದೆಯೇ ಎಂದು ವಿಚಾರಿಸಿದಳು. ಅತ್ತೆಯ ಹಿಂದಿ ನಿಜಾಮರ ಕಾಲದ್ದು, ವ್ಯಾಕರಣದ ಹಂಗಿಲ್ಲ. ಎಲ್ಲಿಯವನೋ ಪಾಪ, ನಗುತ್ತ ಹೊಟ್ಟೆ ಮುಟ್ಟಿಕೊಂಡು ಮೆಸ್ಸಿನ ಊಟದ ಬಗ್ಗೆ ಏನೋ ಹೇಳಿದ. ಹಿಂದೆ ನಿಂತವರು ಕೆಮ್ಮಿದರು.

ಒಳಗೆ ಅತ್ತೆಯ ಚೀಲ ಯಂತ್ರದೊಳಗೆ ಹೋಗಿ ನಿಂತುಬಿಟ್ಟಿತು. ತಳದಲ್ಲಿ ಅಡಕತ್ತರಿ! “ಬ್ಯಾಡ ಅಂದಿದ್ನಲ್ಲ ಅತ್ತಿ?” ಎಂದೆ. “ನೀ ಹೇಳಿದ್ದು ಖರೇ ಅದನೋ ಇಲ್ಲೋ ನೋಡೂನು ಅಂತ ಇಟ್ಟಿದ್ದೆ. ಮಷೀನು ಭೇಷಿ ಅದ,” ಎಂದಳು. ತನ್ನ ಕಸುಬಿನವರನ್ನು ಪರೀಕ್ಷೆ ಮಾಡಿ ಪಾಸು ಮಾಡಿದ್ದಳು.

ನಿಜವಾದ ಯುದ್ಧ ನಡೆದದ್ದು ಹೆಂಗಸರ ಪರದೆಯ ಬಳಿ. ಅಲ್ಲಿದ್ದ ಹೆಣ್ಣುಮಗಳು ಕೋಲು ಆಡಿಸಿದಳು. ಕೈಯ ಬೆಳ್ಳಿ ಕಡಗದ ಹತ್ತಿರ ಅದು ಕೂಗಿತು, ಕಾಲಿನ ಹತ್ತಿರ ಕೂಗಿತು. ಅತ್ತೆ ಸಹಿಸಿಕೊಂಡಳು. ಸೊಂಟದ ಗಂಟಿನ ಮೇಲೆ ಕೈ ಬಿದ್ದಾಗ ಮಾತ್ರ ಹಿಂದೆ ಸರಿದಳು. ಬಿಚ್ಚಿ ತಟ್ಟೆಯಲ್ಲಿಡಬೇಕಂತೆ. “ಬೇಟಿ, ಯೇ ನೀಚೆ ನಕ್ಕೋ,” ಎಂದು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಪರದೆಯ ಹೊರಗೆ ಬಂದು ನಿಂತಳು. ದೊಡ್ಡ ಅಧಿಕಾರಿ ಬಂದರು. ರಾಯಚೂರು ಕಡೆಯವರು, ಒಳ್ಳೆಯ ಮನುಷ್ಯ. ಗಂಟು ನೆಲಕ್ಕೆ ಇಡಬೇಕಿಲ್ಲ, ಮಡಿಲಲ್ಲೇ ಬಿಚ್ಚಿ ತೋರಿಸಲಿ ಎಂದರು. ಅತ್ತೆ ತೋರಿಸಿದಳು. ಅವರ ಮುಖ ಸಣ್ಣದಾಯಿತು.

“ಅಮ್ಮಾ, ಅಕ್ಕಿ ಒಯ್ರಿ, ಅರಿಶಿಣ ಒಯ್ರಿ. ಒಣಕೊಬ್ಬರಿ ಮಾತ್ರ ವಿಮಾನದಾಗ ಬಿಡಂಗಿಲ್ರಿ.”

“ಯಾಕ್ರಿ, ಅದೇನು ಕುಡದು ಗದ್ದಲ ಮಾಡ್ತದೇನ್ರಿ?”

“ಅದರಾಗ ಎಣ್ಣಿ ಇರ್ತದ್ರಿ. ಬೆಂಕಿ ಹತ್ತತದ.”

“ನನ್ನ ತಲಿಗೂ ಕೊಬ್ಬರಿ ಎಣ್ಣಿ ಅದ. ತಲಿ ಇಲ್ಲೇ ಇಟ್ಟು ಹೋಗ್ಲೇನ್ರಿ?”

ಸಾಲಿನಲ್ಲಿ ಯಾರೋ ನಕ್ಕರು. ನಾನು ನಿಯಮ ಪಾಲಿಸುವ ಮನುಷ್ಯ, ಟ್ರಾಫಿಕ್ ಪೊಲೀಸ್ ಇಲ್ಲದಾಗಲೂ ಕೆಂಪು ದೀಪಕ್ಕೆ ನಿಲ್ಲುವವನು. ಬೆವರುತ್ತ ಅತ್ತೆಯ ಕಿವಿಯಲ್ಲಿ, “ಬಿಡು ಅತ್ತಿ, ಕೊಬ್ಬರಿ ಬೆಂಗಳೂರಿನಾಗೂ ಸಿಗ್ತದ,” ಎಂದೆ.

“ಕೊಬ್ಬರಿ ಸಿಗ್ತದ,” ಎಂದಳು ಅತ್ತೆ, ಮೆಲ್ಲಗೆ. “ಈ ಐದು ಮನಿ ಸಿಗ್ತಾವೇನು?”

ಅಧಿಕಾರಿ ಒಂದು ಡಬ್ಬಿ ತೋರಿಸಿದರು. ಕತ್ತರಿ, ಲೈಟರು, ಅತ್ತೆಯ ಅಡಕತ್ತರಿ ಎಲ್ಲ ಅದರಲ್ಲೇ ಬಿದ್ದಿದ್ದವು. ಅತ್ತೆ ಬಗ್ಗಿ ನೋಡಿದಳು. “ಮಗಳ ಉಡಿ ಇದರಾಗ ಹಾಕ್ಲೇನ್ರಿ ಸಾಹೇಬ್ರ?” ಎಂದು ಕೇಳಿದಳು. ಈ ಸಲ ಅವಳ ದನಿಯಲ್ಲಿ ಜಗಳವಿರಲಿಲ್ಲ. ಅಧಿಕಾರಿ ಬೇರೆ ಕಡೆ ನೋಡುತ್ತ, ನಿಯಮ ನಾ ಮಾಡಿದ್ದಲ್ರಿ ಅಮ್ಮಾ ಎಂದರು. ಅಷ್ಟು ವರ್ಷಗಳಲ್ಲಿ ಅತ್ತೆ ಸೋತು ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. ನನಗೆ ಅದು ಚೆನ್ನಾಗಿ ಕಾಣಲಿಲ್ಲ.

ಅಷ್ಟರಲ್ಲಿ ಅವಳು ತಲೆಯೆತ್ತಿದಳು. “ಹೊಟ್ಟಿಯೊಳಗ ಒಯ್ಯಾಕ ಏನರ ಅಡ್ಡಿ ಅದೇನ್ರಿ?”

ಅಧಿಕಾರಿ ಕತ್ತು ಮೇಲೆತ್ತಿ ಬಹಳ ಹೊತ್ತು ಯೋಚಿಸಿದರು. ತಮಗೆ ಗೊತ್ತಿದ್ದ ನಿಯಮಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡುತ್ತಿದ್ದರೆಂದು ಕಾಣುತ್ತದೆ. “ಅದಕ್ಕೇನೂ ಇಲ್ರಿ,” ಎಂದರು.

ತಗೊಳ್ಳಿ! ಕುರಿ ಹಿಡಿದು ಗಟ್ಟಿಯಾದ ಕೈ ಅವಳದು. ಕೊಬ್ಬರಿ ಬಟ್ಟಲುಗಳನ್ನು ಹಪ್ಪಳದ ಹಾಗೆ ಮುರಿದಳು. ಸಾಲಿನ ಉದ್ದಕ್ಕೂ ಹಂಚುತ್ತ ಹೊರಟಳು. “ನನ್ನ ಮಗಳದು ಕುಬಸ ಅದ. ಆಕಿ ಕೂಸಿನ ಹೆಸರಿಲೆ ತಿನ್ರಿ. ಒಂದು ಛಲೋ ಮಾತು ಅನ್ರಿ.” ಕರಿ ಕೋಟಿನ ವಕೀಲರೊಬ್ಬರು ಕೈ ಹಿಂದೆ ತೆಗೆದುಕೊಂಡು, “ನನಗ ಕೊಲೆಸ್ಟ್ರಾಲ್ ಅದ್ರಿ,” ಎಂದರು. “ಇರ್ಲಿ ಬಿಡ್ರಿ, ಅದಕ್ಕೂ ಜೋಡಿ ಬೇಕಲ್ರಿ,” ಎಂದು ಅವರ ಅಂಗೈಯಲ್ಲಿ ದೊಡ್ಡ ಚೂರನ್ನೇ ಇಟ್ಟಳು. ಬುರ್ಖಾದ ಹುಡುಗಿಯೊಬ್ಬಳು ಪರೀಕ್ಷೆಗೆ ಹೊರಟಿದ್ದಳು; ಬಿಸ್ಮಿಲ್ಲಾ ಎಂದು ಬಾಯಿಗೆ ಹಾಕಿಕೊಂಡಳು. ಗುರುದ್ವಾರಕ್ಕೆ ಬಂದು ವಾಪಸು ಹೊರಟಿದ್ದ ಸರ್ದಾರರ ಗುಂಪಿನಲ್ಲಿ ಒಬ್ಬ ಮುದುಕಿ ವಿಷಯವೆಲ್ಲ ಕೇಳಿ ತಿಳಿದುಕೊಂಡು, ಅತ್ತೆಯ ಉಡಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಏನೋ ಹೇಳಿಕೊಂಡಳು. ಅಧಿಕಾರಿ ಡ್ಯೂಟಿಯಲ್ಲಿ ತಿನ್ನುವ ಹಾಗಿಲ್ಲ ಎಂದರು. ಅತ್ತೆ ಒತ್ತಾಯ ಮಾಡಲಿಲ್ಲ. ಅವರು ತಾವಾಗಿಯೇ, “ಮಗಳಿಗಿ ಆರಾಮ ಹೆರಿಗಿ ಆಗ್ಲಿರಿ,” ಎಂದರು.

ಒಣಕೊಬ್ಬರಿ ಬೇಗ ಕರಗುವ ವಸ್ತುವಲ್ಲ. ವಿಮಾನ ಮೇಲೇರುವಾಗ ಗಗನಸಖಿ ಅಪಾಯದ ಸೂಚನೆಗಳನ್ನು ಹೇಳುತ್ತಿದ್ದಳು, ಇಡೀ ವಿಮಾನ ಅಗಿಯುತ್ತ ಕೇಳುತ್ತಿತ್ತು. ವಕೀಲರು ನನ್ನ ಪಕ್ಕದಲ್ಲೇ ಕೂತು ಇನ್ನೊಂದು ಚೂರು ಉಳಿದಿದೆಯೇ ಎಂದು ವಿಚಾರಿಸಿದರು.

ಬೆಂಗಳೂರಿನಲ್ಲಿ ಸುವರ್ಣ ಇರುವುದು ಟ್ಯಾಂಕರುಗಳು ನಿಲ್ಲುವ ಬಯಲಿನ ಪಕ್ಕ, ತಗಡಿನ ಒಂದು ಕೋಣೆಯಲ್ಲಿ. ಬಾಗಿಲು ತೆರೆದವಳು ಅವ್ವನ ಮುಖ ನೋಡಿ ನಕ್ಕಳು. ಸೊಂಟದ ಗಂಟು ಕಂಡ ಕೂಡಲೇ ನಗು ಹೋಯಿತು.

“ಬ್ಯಾಡ ಅಂದಿದ್ನಲ್ಲವ್ವ.”

ದಾರಿಯುದ್ದಕ್ಕೂ ಎಲ್ಲರಿಗೂ ಉತ್ತರ ಕೊಟ್ಟು ಬಂದ ಅತ್ತೆ ಇಲ್ಲಿ ಗಂಟನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ಗೋಡೆಗೆ ಆನಿಕೊಂಡು ಕೂತಳು. ಆ ಕೋಣೆಯಲ್ಲಿ ಕೂಸಿಗೆಂದು ಒಂದು ಬಟ್ಟೆಯ ಚೂರೂ ಇರಲಿಲ್ಲ. ಸುವರ್ಣ ನೀರು ತಂದುಕೊಟ್ಟು ಮುಖ ತಿರುಗಿಸಿ ನಿಂತಳು. ಅದನ್ನು ನೋಡಲಾಗದೆ ನಾನು ನಿಲ್ದಾಣದ ಕಥೆ ಸುರುಮಾಡಿದೆ. ಜವಾನನ ಫೋಟೋ, ಅಡಕತ್ತರಿ, ತಲೆಯ ಎಣ್ಣೆ. ವಕೀಲರ ಕೊಲೆಸ್ಟ್ರಾಲಿಗೆ ಬರುವಷ್ಟರಲ್ಲಿ ಅವಳ ಭುಜ ಅಲುಗುತ್ತಿತ್ತು. ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಆಮೇಲೆ ನಗು ನಿಲ್ಲಿಸಿ ಅವ್ವನ ಕಡೆ ತಿರುಗಿದಳು.

“ಅಷ್ಟೂ ಮಂದಿ ನನ್ನ ಕೂಸಿನ ಹೆಸರಿಲೇ ತಿಂದ್ರೇನು?”

“ಹೂಂ,” ಎಂದಳು ಅತ್ತೆ. “ಸರ್ದಾರರ ಮುದುಕಿ ಕೂಸಿಗಿ ಏನು ಹೆಸರು ಅಂತ ಕೇಳಿದ್ಳು.”

“ನೀ ಏನಂದಿ?”

“ಇನ್ನಾ ಇಟ್ಟಿಲ್ಲ, ಬರಲಿ, ಇಡ್ತೇವಿ ಅಂದೆ.”

ಬರಲಿ ಎಂಬ ಮಾತನ್ನು ಆ ಏಳು ತಿಂಗಳಲ್ಲಿ ಅವರ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಸುವರ್ಣ ಅವ್ವನ ಮುಂದೆ ಬಂದು ತನ್ನ ಸೆರಗನ್ನು ಒಡ್ಡಿದಳು.

ಅತ್ತೆ ಎದ್ದು ಗಂಟಿಗೆ ಕೈ ಹಾಕಿದಳು. ವಿಮಾನ ಹತ್ತುವಾಗ ಮತ್ತೆ ಬಿಗಿದಿದ್ದ ಗಂಟು ಬಿಚ್ಚಲಾಗಲಿಲ್ಲ. ಮತ್ತೆ ನೋಡಿದಳು, ಆಗಲಿಲ್ಲ. ಕಣ್ಣೀರು ಬೇರೆ ಅಡ್ಡ ಬಂದಿತ್ತು. ಸುವರ್ಣ ಒಂದು ಕೈಯಲ್ಲಿ ತನ್ನ ಸೆರಗು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅವ್ವನ ಗಂಟು ಬಿಚ್ಚಿದಳು.

“ಸಾವಕಾಶ ಹಾಕವ್ವ,” ಎಂದಳು, ಆ ಕೈಯನ್ನು ಹೊಟ್ಟೆಯ ಮೇಲಿಟ್ಟು. “ಇಬ್ಬರಿಗಿ ಅದ.”