ಬಂಗುಡೆಗೆ ಹೆಸರಿಟ್ಟ ಅತ್ತೆ

ಅರ್ಥವೂ ಮೂಲವೂ ಗೊತ್ತಿಲ್ಲದ ಹೆಸರಿನಲ್ಲಿ ಯಾವ ಪದಾರ್ಥವನ್ನೂ ಮಾರತಕ್ಕದ್ದಲ್ಲ ಎಂಬ ನಿಯಮ ಜಾರಿಗೆ ಬಂದ ಬೆಳಿಗ್ಗೆ ಮೀನು ಮಾರುಕಟ್ಟೆಗೆ ಬಂಗುಡೆ ರಾಶಿ ರಾಶಿ ಬಂದಿತ್ತು. ನಿಯಮಕ್ಕೆ ಇದು ಗೊತ್ತಿರಲಿಲ್ಲ. ಬಂಗುಡೆಗೂ ಗೊತ್ತಿರಲಿಲ್ಲ.

ಮೂಲೆಯ ಕಟ್ಟೆಯ ಹೆಂಗಸು ಆಗತಾನೇ ಬುಟ್ಟಿಗೆ ಐಸು ಸುರಿದು ಕೂತಿದ್ದಳು. ನಾಮಪರಿಶೀಲನಾಧಿಕಾರಿಗಳು ಮೂಗಿಗೆ ಕರವಸ್ತ್ರ ಹಿಡಿದು ಕರ್ತವ್ಯ ಆರಂಭಿಸಿದರು.

“ಇದರ ಹೆಸರೇನಮ್ಮಾ?”

“ಬಂಗುಡೆ ಅಲ್ವಾ ಸಾರ್! ಮೊನ್ನೆ ತಾನೇ ಚೌಕಾಸಿ ಮಾಡಿ ತಗೊಂಡು ಹೋದ್ರಲ್ಲ.”

“ತಿಂದದ್ದು ಖಾಸಗಿಯಾಗಿ, ಬಂದದ್ದು ಅಧಿಕೃತವಾಗಿ. ಬಂಗುಡೆ ಅಂದರೆ ಅರ್ಥವೇನು?”

“ಬಂಗುಡೆ ಅಂದ್ರೆ ಬಂಗುಡೆ ಸಾರ್.”

“ಮೂಲ?”

“ಸಮುದ್ರ.”

“ಮೀನಿನದ್ದಲ್ಲಮ್ಮಾ, ಹೆಸರಿನದ್ದು! ಯಾರಿಟ್ಟರು? ಸಂಜೆಯೊಳಗೆ ಸಾಬೀತಾಗದಿದ್ದರೆ ಮಾಲು ಮುಟ್ಟುಗೋಲು.”

ಅಕ್ಕಪಕ್ಕದವರು ಬುಟ್ಟಿಗೆ ಗೋಣಿ ಮುಚ್ಚಿ, ತಮಗೂ ಮೀನಿಗೂ ಸಂಬಂಧವೇ ಇಲ್ಲವೆಂಬಂತೆ ಸೂರು ನೋಡತೊಡಗಿದರು. ಅವಳು ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಐಸು ಕರಗುತ್ತಿದೆ, ಬುಟ್ಟಿ ಹೋದರೆ ನಾಳೆ ಒಲೆ ಹಚ್ಚುವುದು ಹೇಗೆ?

“ನಂಗೇನ್ ಗೊತ್ತು ಸಾರ್? ನಮ್ಮತ್ತೆ ಅಂತಿದ್ರು, ನಾನೂ ಅಂತೀನಿ.”

“ಹಾಗಾದರೆ ಅತ್ತೆಯನ್ನು ಹಾಜರುಪಡಿಸತಕ್ಕದ್ದು.”

ಅವಳು ಮನೆಗೆ ಓಡಿದಳು. “ಏನಾದ್ರೂ ಒಂದು ಹೇಳಿ ಪುಣ್ಯ ಕಟ್ಕೊಳ್ಳಿ ಅತ್ತೆ” ಎಂದು ದಾರಿಯುದ್ದಕ್ಕೂ ಬೇಡಿಕೊಂಡೇ ಕರೆತಂದಳು.

“ಹೆಸರು ಯಾರಿಟ್ಟಿದ್ದು ಅಜ್ಜೀ?”

“ಇನ್ಯಾರು? ನಾನೇ.”

ಸೊಸೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಅರ್ಥ?”

“ಇಡೋವಾಗ ಇತ್ತಪ್ಪಾ. ಈಗ ವಯಸ್ಸಾಯ್ತಲ್ಲ, ಮರೆತ್ಹೋಗಿದೆ.”

ಇಷ್ಟು ನೇರವಾದ ಹೇಳಿಕೆ ಅಧಿಕಾರಿಗಳ ಸೇವಾವಧಿಯಲ್ಲೇ ಸಿಕ್ಕಿರಲಿಲ್ಲ. ಅವರ ಕಣ್ಣು ತುಂಬಿ ಬಂತು. ಸ್ಥಳದಲ್ಲೇ ಪ್ರಕಟಣೆ ಹೊರಬಿತ್ತು: “ಬಂಗುಡೆ ಎಂಬ ಹೆಸರಿಗೆ ಅರ್ಥವಿತ್ತೆಂದು ಖಚಿತಪಟ್ಟಿದ್ದು, ಇಟ್ಟವರು ಪತ್ತೆಯಾಗಿರುತ್ತಾರೆ. ಇನ್ನು ಮುಂದೆ ಸದರಿಯವರ ಒಪ್ಪಿಗೆ ಪಡೆದೇ ಆ ಹೆಸರನ್ನು ಉಚ್ಚರಿಸತಕ್ಕದ್ದು.”

ಅಂದಿನ ಬುಟ್ಟಿ ಖಾಲಿಯಾಯಿತು. ಮರುದಿನದಿಂದ ಅತ್ತೆ ಮಾರುಕಟ್ಟೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡರು. ಬಂದವರೆಲ್ಲ ಕೈಮುಗಿದು ಒಪ್ಪಿಗೆ ಪಡೆದರು. ಸಿಗದೆ ಹೋದದ್ದು ಸೊಸೆಗೊಬ್ಬಳಿಗೇ.

“ಬೆಳಿಗ್ಗೆ ಕಾಫಿ ಲೋಟ ಕುಕ್ಕಿದೆಯಲ್ಲ, ಆ ಸದ್ದು ಇನ್ನೂ ಕಿವೀಲಿದೆ” ಎಂದರು ಅತ್ತೆ.

ಸೊಸೆಗೆ ಮೈಯೆಲ್ಲ ಉರಿಯಿತು. ನೇರ ಅಧಿಕಾರಿಗಳ ಹತ್ತಿರ ಹೋದಳು. “ಸಾರ್, ಅತ್ತೆ ಹೇಳಿದ್ದು ಶುದ್ಧ ಸುಳ್ಳು!”

“ಅತ್ತೆಯ ವಿರುದ್ಧ ಸೊಸೆಯ ಹೇಳಿಕೆ ಅಂಗೀಕಾರಾರ್ಹವಲ್ಲ” ಎಂದರು ಅವರು, ಕರುಣೆಯಿಂದಲೇ. “ದಾರಿ ಬಿಡಿ, ಇವತ್ತು ಅಂಜಲ್ ಮೀನಿನ ವಿಚಾರಣೆ ಇದೆ. ಅದಕ್ಕೆ ಹೆಸರಿಟ್ಟವರು ಯಾರಾದರೂ ಇದ್ದೀರಾ?”

ಇಡೀ ಮಾರುಕಟ್ಟೆ ಮತ್ತೆ ಗೋಣಿಗೆ ಕೈ ಹಾಕಿತು. ಸೊಸೆ ಒಮ್ಮೆ ತನ್ನ ಬುಟ್ಟಿ ನೋಡಿದಳು, ಒಮ್ಮೆ ಕುರ್ಚಿ ನೋಡಿದಳು, ಸೆರಗು ಸಿಕ್ಕಿಸಿಕೊಂಡಳು.

“ನಾನೇ ಸಾರ್.”

“ಸಾಕ್ಷಿ?”

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಸೊಸೆಯನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಸಿಟ್ಟು ಎಷ್ಟಿದ್ದರೇನು, ಅಂಜಲ್ ಪರರ ಮನೆ ಪಾಲಾಗುವುದನ್ನು ನೋಡಿಕೊಂಡು ಕೂರುವ ಹೆಂಗಸೇ ಅಲ್ಲ ಅವರು.

“ಹೌದಪ್ಪಾ, ನನ್ನೆದುರಿಗೇ ಇಟ್ಟಳು. ಮದುವೆಯಾಗಿ ಬಂದ ಹೊಸತು.”

“ಇನ್ನೊಂದು ಕುರ್ಚಿ ತರಿಸಿ” ಎಂದರು ಅಧಿಕಾರಿಗಳು.

ಮಾರುಕಟ್ಟೆ ನಿರಾಳವಾಯಿತು. ಜನ ಯಾರೂ ಹೇಳದೆಯೇ ಎರಡು ಸಾಲಾಗಿ ನಿಂತರು: ಬಂಗುಡೆಯವರು ಅತ್ತೆಯ ಮುಂದೆ, ಅಂಜಲಿನವರು ಸೊಸೆಯ ಮುಂದೆ. ಎರಡೂ ಬೇಕಾಗಿದ್ದ ಅಧಿಕಾರಿಗಳು ಚೀಲ ಹಿಡಿದು, ಮೊದಲು ಯಾರಿಗೆ ಕೈಮುಗಿಯಬೇಕೆಂದು ಮೇಲಧಿಕಾರಿಗಳನ್ನು ಕೇಳಿ ಬರೆದಿದ್ದಾರೆ.